ಸಹಿಯ ಹಿಂದಿನ ಹೊಣೆ



ವೈದ್ಯರು ಬರೆದುಕೊಡುವ ಚೀಟಿ ಎಂದರೆ ಏನು? ಅಂಗಡಿಯಲ್ಲಿ ತೋರಿಸಿ ಮದ್ದು ಪಡೆಯುವ ಕಾಗದ ಎಂದು ಥಟ್ಟನೆ ಹೇಳಿಬಿಡುತ್ತೇವೆ. ತುಸು ಯೋಚಿಸಿದರೆ ಅದೊಂದು ಮಾತು ಎಂಬುದು ತಿಳಿಯುತ್ತದೆ. ‘ಈ ವ್ಯಕ್ತಿಯನ್ನು ನಾನು ಬಲ್ಲೆ, ಈ ಮದ್ದು ಇವರಿಗೆ ತಕ್ಕದ್ದು, ಇದಕ್ಕೆ ನಾನು ಹೊಣೆ’ ಎಂದು ವೈದ್ಯರು ಸಹಿ ಹಾಕಿ ಕೊಡುವ ಮಾತು. ಅಂಥ ಮಾತನ್ನು ಕಂಪ್ಯೂಟರ್ ಪರದೆಯ ಆಚೆಯಿಂದ, ಶುಲ್ಕ ಪಡೆದು ಕೊಡಬಹುದೇ? ಬ್ರಿಟನ್ನಿನಲ್ಲಿ ಈ ಪ್ರಶ್ನೆ ಬಹಳ ನೋವಿನ ಸಂದರ್ಭದಲ್ಲಿ ಎದ್ದಿದೆ. ನಮ್ಮ ಧರ್ಮಕೇಂದ್ರಗಳಿಂದ ಹೋದವರು ಅಲ್ಲಿ ನರ್ಸುಗಳಾಗಿ ದುಡಿಯುತ್ತಿದ್ದಾರೆ, ಅವರ ಮಕ್ಕಳು ಅಲ್ಲಿಯೇ ಬೆಳೆಯುತ್ತಿದ್ದಾರೆ. ಆದ್ದರಿಂದ ಇದು ನಮಗೆ ದೂರದ ವಿಷಯವಲ್ಲ.

ಸಂಗತಿ ಹೀಗಿದೆ. ಹುಟ್ಟಿನಿಂದ ಬಂದ ಲಿಂಗಕ್ಕೂ ತಮ್ಮ ಅಂತರಂಗದ ಅರಿವಿಗೂ ಹೊಂದಿಕೆಯಾಗದೆ ತೀವ್ರ ಸಂಕಟಪಡುವವರು ಇದ್ದಾರೆ. ಅವರಲ್ಲಿ ಕೆಲವರು ಈಸ್ಟ್ರೊಜನ್ ಇಲ್ಲವೆ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನುಗಳಿಂದ ತಮ್ಮ ದೇಹವನ್ನು ಬದಲಿಸಿಕೊಳ್ಳಲು ಬಯಸುತ್ತಾರೆ. ಅಲ್ಲಿನ ಸರಕಾರಿ ಆರೋಗ್ಯ ಸೇವೆಯಾದ ಎನ್.ಎಚ್.ಎಸ್. ಇದಕ್ಕೆಂದೇ ಚಿಕಿತ್ಸಾಲಯಗಳನ್ನು ನಡೆಸುತ್ತದೆ. ತಜ್ಞರ ಚಿಕಿತ್ಸೆ 18 ವಾರಗಳೊಳಗೆ ಆರಂಭವಾಗಬೇಕೆಂಬುದು ಇಂಗ್ಲೆಂಡಿನ ನಿಯಮ. ಆದರೆ ಈ ಚಿಕಿತ್ಸಾಲಯಗಳಲ್ಲಿ ಮೊದಲ ಭೇಟಿಗೇ ವರ್ಷಗಟ್ಟಲೆ ಕಾಯಬೇಕು.

ಕಾದು ಬೇಸತ್ತವರಲ್ಲಿ ಹಲವರು ಇಂಟರ್ನೆಟ್ ಮೂಲಕ ನಡೆಯುವ ಖಾಸಗಿ ಚಿಕಿತ್ಸಾಲಯದ ಮೊರೆ ಹೋಗುತ್ತಾರೆ. ಪರದೆಯ ಮೇಲೆ ಮಾತುಕತೆ, ಶುಲ್ಕ, ಬಳಿಕ ಅಂಚೆಯಲ್ಲಿ ಕಾಗದದ ಚೀಟಿ. ಚೀಟಿಯ ಫೋಟೊ ತೋರಿಸಿದರೆ ಸಾಲದು. ವೈದ್ಯರ ಸಹಿಯುಳ್ಳ ಮೂಲ ಚೀಟಿಯೇ ಅಂಗಡಿಯವರ ಕೈಸೇರಬೇಕು. ಸಾಮಾನ್ಯವಾಗಿ ಇಂಥ ಚೀಟಿ ಆರು ತಿಂಗಳು ನಡೆಯುತ್ತದೆ. ಟೆಸ್ಟೊಸ್ಟೆರಾನ್ ನಿಯಂತ್ರಿತ ಔಷಧವಾದ್ದರಿಂದ ಅದರ ಚೀಟಿಯನ್ನು 28 ದಿನಗಳೊಳಗೆ ಬಳಸಬೇಕು. ಮದ್ದಿನ ಪೂರ್ತಿ ಬೆಲೆ ರೋಗಿಯದೇ. ಊರಿನ ಕುಟುಂಬ ವೈದ್ಯರು ಒಪ್ಪಿದರೆ ಮುಂದಿನ ಚೀಟಿಗಳನ್ನು ಅವರೇ ಬರೆಯಬಹುದು, ಹಲವರು ಒಪ್ಪುವುದಿಲ್ಲ.

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. 2024ರ ಏಪ್ರಿಲ್ 8ರಂದು ವ್ಯಾಟಿಕನ್ ಪ್ರಕಟಿಸಿದ ‘ದಿಗ್ನಿತಾಸ್ ಇನ್ಫಿನಿತಾ’ ಎಂಬ ದಾಖಲೆ, ದೇಹವು ದೇವರ ವರದಾನ, ಲಿಂಗ ಬದಲಾವಣೆಯ ಚಿಕಿತ್ಸೆ ಸಾಮಾನ್ಯವಾಗಿ ಮಾನವ ಘನತೆಗೆ ಧಕ್ಕೆ ತರುವ ಅಪಾಯವುಳ್ಳದ್ದು ಎಂದು ಹೇಳುತ್ತದೆ. ಇದನ್ನು ನಾನು ಮರೆಮಾಚುವುದಿಲ್ಲ. ಆದರೆ ಪ್ರತಿಯೊಬ್ಬ ವ್ಯಕ್ತಿಯ ಘನತೆಯೂ ಯಾವ ಪರಿಸ್ಥಿತಿಯಲ್ಲೂ ಅಳಿಯದ್ದು ಎಂಬುದು ಅದೇ ದಾಖಲೆಯ ಮೊದಲ ಮಾತು. ಹಾರ್ಮೋನು ಚಿಕಿತ್ಸೆ ಪಡೆದವರೂ ಇತರರಂತೆ ದೀಕ್ಷಾಸ್ನಾನ ಪಡೆಯಬಹುದು, ಸಾರ್ವಜನಿಕವಾಗಿ ಗೊಂದಲಕ್ಕೆ ಎಡೆಯಾಗಬಾರದಷ್ಟೆ ಎಂದು 2023ರಲ್ಲಿ ವ್ಯಾಟಿಕನ್ ತಿಳಿಸಿತು. ಬೋಧನೆಯ ಒಂದು ಭಾಗವನ್ನು ಎತ್ತಿಹಿಡಿದು ಇನ್ನೊಂದನ್ನು ಕೈಬಿಡುವುದು ನಿಷ್ಠೆಯಲ್ಲ.

ವ್ಯಾಟಿಕನ್ ದಾಖಲೆ ಬಂದ ಎರಡೇ ದಿನಗಳ ಬಳಿಕ ಇಂಗ್ಲೆಂಡಿನಲ್ಲಿ ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ಅವರ ವರದಿ ಹೊರಬಿತ್ತು. ಮಕ್ಕಳ ಪ್ರೌಢಾವಸ್ಥೆಯನ್ನು ತಡೆಹಿಡಿಯುವ ಮದ್ದುಗಳಿಗೆ ಆಧಾರವಾದ ಅಧ್ಯಯನಗಳು ದುರ್ಬಲವಾಗಿವೆ ಎಂದು ಅದು ಹೇಳಿತು. ಈ ಚಿಕಿತ್ಸೆಗಾಗಿ 18 ವರ್ಷದೊಳಗಿನವರಿಗೆ ಆ ಮದ್ದುಗಳನ್ನು ಖಾಸಗಿ ಚೀಟಿಯ ಮೇಲೆ ಹೊಸದಾಗಿ ಕೊಡುವುದನ್ನು ಸರಕಾರ 2024ರ ಜೂನ್ 3ರಿಂದ ತಡೆಯಿತು. ಡಿಸೆಂಬರಿನಲ್ಲಿ ಆ ತಡೆಯನ್ನು ಅನಿರ್ದಿಷ್ಟ ಕಾಲಕ್ಕೆ ವಿಸ್ತರಿಸಿತು. ವಯಸ್ಕರ ಹಾರ್ಮೋನು ಚಿಕಿತ್ಸೆಗೆ ಈ ತಡೆ ಅನ್ವಯಿಸುವುದಿಲ್ಲ. ಕಠಿಣ ಪ್ರಶ್ನೆ ಉಳಿದಿರುವುದು ಅಲ್ಲಿಯೇ.

ಒಬ್ಬ ಯುವಕ ವರ್ಷಗಟ್ಟಲೆ ಕಾದು, ಕೊನೆಗೆ ಗುರುತುಪರಿಚಯವಿಲ್ಲದ ಮಾರಾಟಗಾರರಿಂದ ಮಾತ್ರೆ ತರಿಸಿ ನುಂಗುತ್ತಿದ್ದಾನೆ ಎಂದುಕೊಳ್ಳಿ. ಅದು ಅವನ ವೈದ್ಯರಿಗೆ ತಿಳಿಯಿತು. ಅವರೇನು ಮಾಡಬೇಕು? ಇಂಥ ಸಂದರ್ಭದಲ್ಲಿ ತಜ್ಞರ ಸಲಹೆ ಪಡೆದು, ಆದಷ್ಟು ಕಡಿಮೆ ಪ್ರಮಾಣದಲ್ಲಿ, ತಾತ್ಕಾಲಿಕ ಚೀಟಿ ಬರೆಯಲು ಅವಕಾಶವಿದೆ ಎಂದು ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಸಲಹೆ ನೀಡಿದೆ. ದೊಡ್ಡ ಕೆಡುಕನ್ನು ತಪ್ಪಿಸಲು ಚಿಕ್ಕದನ್ನು ಸಹಿಸುವ ಕ್ರಮ ಇದು. ನೀತಿಶಾಸ್ತ್ರದಲ್ಲಿ ಇದು ಹಳೆಯ ಚರ್ಚೆ. ಒಳಿತು ಬರಲೆಂದು ಕೆಡುಕನ್ನು ಮಾಡಬಾರದು ಎಂಬುದು ನಮ್ಮ ನಿಯಮ. ಹೆಚ್ಚಿನ ಹಾನಿಗೆ ಹೊರಟವನನ್ನು ಕಡಿಮೆ ಹಾನಿಯ ಕಡೆಗೆ ತಿರುಗಿಸಬಹುದೇ ಎಂಬ ಬಗ್ಗೆ ಮಾತ್ರ ದೇವಶಾಸ್ತ್ರಜ್ಞರು ಹಿಂದಿನಿಂದಲೂ ವಾದಿಸುತ್ತ ಬಂದಿದ್ದಾರೆ.

ಆ ವಾದ ಹಾಗಿರಲಿ. ವಾದಕ್ಕೆ ಎಡೆಯಿಲ್ಲದ ಒಂದು ಕರ್ತವ್ಯವಿದೆ. ಬಾಯಿಂದ ಸೇವಿಸುವ ಈಸ್ಟ್ರೊಜನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಟೆಸ್ಟೊಸ್ಟೆರಾನ್‌ನಿಂದ ರಕ್ತ ದಪ್ಪವಾಗಬಹುದು. ಒಡೆದ ದನಿ ಮದ್ದು ಬಿಟ್ಟರೂ ಮೊದಲಿನಂತಾಗದು. ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಬೇಕು. ಮನಸ್ಸಾಕ್ಷಿಯ ಕಾರಣದಿಂದ ಚೀಟಿ ಬರೆಯಲಾರೆ ಎನ್ನುವ ವೈದ್ಯರನ್ನು ಗೌರವಿಸೋಣ. ಆದರೆ ಅದೇ ಮನಸ್ಸಾಕ್ಷಿಯ ಹೆಸರಿನಲ್ಲಿ ರಕ್ತಪರೀಕ್ಷೆಯನ್ನೂ ನಿರಾಕರಿಸಿ ಬಾಗಿಲು ಮುಚ್ಚುವುದು ಸರಿಯಲ್ಲ. ಮದ್ದನ್ನು ಒಪ್ಪದಿದ್ದರೂ ಪ್ರಾಣವನ್ನು ಕಾಯಬೇಕು. ಹಾಗೆಯೇ, ಪರದೆಯ ಆಚೆಯಿಂದ ಸಹಿ ಹಾಕಿದವರು ರೋಗಿಯ ರಕ್ತಪರೀಕ್ಷೆಯ ಫಲಿತಾಂಶ ನೋಡದೆ ಮುಂದಿನ ಚೀಟಿ ಕಳುಹಿಸಿದರೆ ಅವರು ಹೊಣೆಯನ್ನು ಬಿಟ್ಟು ಸಹಿಯನ್ನು ಮಾತ್ರ ಮಾರಿದಂತಾಯಿತು. ವರ್ಷಗಟ್ಟಲೆ ಕಾಯಿಸಿ ಅವರನ್ನು ಅತ್ತ ತಳ್ಳಿದ ವ್ಯವಸ್ಥೆಗೂ ಅದರಲ್ಲಿ ಪಾಲಿದೆ.

ಸಂತ ಯೊವಾನ್ನರ ಶುಭಸಂದೇಶದ 5ನೇ ಅಧ್ಯಾಯವನ್ನು ನೆನೆಯಿರಿ. ಕೊಳದ ಬಳಿ 38 ವರ್ಷಗಳಿಂದ ಅಸ್ವಸ್ಥನಾಗಿದ್ದವನ ದೂರು ಒಂದೇ: ತನ್ನನ್ನು ನೀರಿಗಿಳಿಸಲು ಯಾರೂ ಇಲ್ಲ. ಯೇಸು ಮೊದಲು ಅವನನ್ನು ಕಂಡರು, ಬಹುಕಾಲದಿಂದ ಅವನು ಹಾಗಿದ್ದಾನೆಂದು ಅರಿತರು, ಆಮೇಲೆ ಮಾತನಾಡಿಸಿದರು. ಇನ್ನು ಮುಂದೆ ಪಾಪ ಮಾಡಬೇಡ ಎಂಬ ಮಾತು ಬಂದದ್ದು ಕೊನೆಗೆ. ನಾವೋ ಅಲ್ಲಿಂದಲೇ ಆರಂಭಿಸುತ್ತೇವೆ.

ತಂದೆತಾಯಿಗಳೇ, ದೂರದೇಶದಲ್ಲಿರುವ ನಿಮ್ಮ ಮಗನೋ ಮಗಳೋ ಇಂಥ ಚೀಟಿಯ ವಿಷಯ ಹೇಳಿದರೆ ಏನು ಮಾಡುವಿರಿ? ಫೋನ್ ಕೆಳಗಿಡಬೇಡಿ. ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಹಾಗೆಂದು ಹೇಳಿ. ಸುಳ್ಳು ಸಮಾಧಾನ ಬೇಡ. ಆದರೆ ಕೇಳಿ: ಸಹಿ ಹಾಕಿದ ವೈದ್ಯರು ಯಾರು, ಅವರು ಅಲ್ಲಿ ನೋಂದಾಯಿತರೇ, ರಕ್ತಪರೀಕ್ಷೆ ಮಾಡಿಸುತ್ತಿದ್ದಾರೆಯೇ, ಊರಿನ ವೈದ್ಯರಿಗೆ ತಿಳಿದಿದೆಯೇ? ವೈದ್ಯರನ್ನು ಕೇಳದೆ ಮದ್ದು ನಿಲ್ಲಿಸು ಎಂದು ಬಲವಂತ ಮಾಡಬೇಡಿ. ‘ಊಟ ಆಯಿತೇ ಮಗೂ’ ಎಂದು ಮರುದಿನವೂ ಫೋನ್ ಮಾಡಿ. ವೈದ್ಯರ ಸಹಿಗೆ ಹೊಣೆಯಿರುವಂತೆ, ದೀಕ್ಷಾಸ್ನಾನದ ದಿನ ಆ ಮಗುವಿನ ಪರವಾಗಿ ದೇವರ ಮುಂದೆ ನಾವು ಕೊಟ್ಟ ಮಾತಿಗೂ ಹೊಣೆಯಿದೆ. ಅದಕ್ಕೆ 28 ದಿನಗಳ ಗಡುವಿಲ್ಲ.

ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಅಂಥ ಮಕ್ಕಳನ್ನು ನೆನೆಯೋಣ.