ಒಂದು ಗಜದ ದೂರ

ನಮ್ಮ ಕಡೆ ಓದುವ ಕನ್ನಡಕಕ್ಕೆ ಚಾಳೀಸು ಎಂದು ಹೆಸರು. ಚಾಳೀಸ್ ಅಂದರೆ ನಲವತ್ತು. ವಯಸ್ಸನ್ನು ಮುಚ್ಚಿಡಲು ಆಗದಂತೆ ಮೂಗಿನ ಮೇಲೇ ಬರೆದಿಟ್ಟ ಹಾಗೆ. ನನಗೆ ದೂರದ ನಂಬರು ಕಾಲೇಜಿನಲ್ಲೇ ಬಂದಿತ್ತು. ಚಾಳೀಸು ಬಂದ ಮೇಲೆ ಎರಡೂ ಒಂದೇ ಗಾಜಿಗೆ ಸೇರಿಕೊಂಡವು: ಮೇಲಿನ ಅಂತಸ್ತಿನಲ್ಲಿ ದೂರ, ಕೆಳಗಿನ ಅಂತಸ್ತಿನಲ್ಲಿ ಹತ್ತಿರ. ಇಂಥ ಕಣ್ಣು ಇಟ್ಟುಕೊಂಡು ಐವತ್ತರ ಹೊಸ್ತಿಲಲ್ಲಿ ರೀಲಿನ ಕ್ಯಾಮೆರಾ ಕಲಿಯಲು ಕೂತೆ.

ಕ್ಯಾಮೆರಾ ನಿಕಾನ್ ಎಫ್‌ಎಂ2. 1982ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ನನ್ನ ಕೈಗೆ ಬರುವ ಹೊತ್ತಿಗೆ ಎಷ್ಟು ಕೈ ದಾಟಿತ್ತೋ. ಅದಕ್ಕಿಂತ ಹಳೆಯದು ಅದರ ಮೂತಿಯಲ್ಲಿದ್ದ 50 ಎಂಎಂ ನಿಕ್ಕೋರ್ ಲೆನ್ಸ್. ಇದರಲ್ಲಿ ಫೋಕಸ್ ತಾನಾಗಿ ಆಗುವುದಿಲ್ಲ, ಲೆನ್ಸಿನ ಬಳೆಯನ್ನು ಕೈಯಿಂದ ತಿರುಗಿಸಬೇಕು. ವ್ಯೂಫೈಂಡರಿನ ನಡುವೆ ಒಂದು ಸಣ್ಣ ವೃತ್ತ, ಅದಕ್ಕೆ ಅಡ್ಡಲಾಗಿ ಒಂದು ಗೆರೆ. ಫೋಕಸ್ ತಪ್ಪಿದ್ದರೆ ಗೆರೆಯ ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಇನ್ನೊಂದು ಕಡೆ ಸರಿದು, ಎದುರಿನ ಬೇವಿನ ಕಾಂಡ ಕಡಿದಿಟ್ಟಂತೆ ಕಾಣುತ್ತದೆ. ಇಳಕಲ್ ಸೀರೆ ಮಡಚುವಾಗ ಅಂಚಿಗೆ ಅಂಚು ಕೂಡಿಸುವ ಹಾಗೆ ಎರಡನ್ನೂ ಕೂಡಿಸಿದರೆ ಫೋಕಸ್ ಆಯಿತು.

ಕೇಳಲು ಸರಳ. ಆದರೆ ಕನ್ನಡಕ ಹಾಕಿದವನ ಕಣ್ಣು ವ್ಯೂಫೈಂಡರಿನ ಗಾಜಿನಿಂದ ಒಂದು ಬೆರಳು ಹಿಂದೆಯೇ ಉಳಿಯುವುದರಿಂದ ಚೌಕಟ್ಟಿನ ನಾಲ್ಕು ಮೂಲೆ ಒಟ್ಟಿಗೆ ಕಾಣುವುದಿಲ್ಲ. ಎಡ ನೋಡಿದರೆ ಬಲ ಹೋಯಿತು. ಇಣುಕುವ ಕಿಂಡಿಯ ಲೋಹದ ಅಂಚು ಚಷ್ಮಾಕ್ಕೆ ಗೀರು ಎಳೆಯಿತು. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಅಂಟಿಸಿದೆ. ಇಷ್ಟೆಲ್ಲ ಮಾಡಿ 36 ಫೋಟೊ ಮುಗಿಸಿ, ರೀಲನ್ನು ತೊಳೆಯಲು ಬೆಂಗಳೂರಿಗೆ ಕೊರಿಯರ್ ಮಾಡಿ, ಹದಿನೈದು ದಿನ ಕಾದರೆ, ಬಂದದ್ದೆಲ್ಲ ಮಂಜು.

ಇಂಡಿಯಲ್ಲಿ ಸ್ಟುಡಿಯೋ ಮುಚ್ಚಿ ಮನೆಯಲ್ಲಿ ಕೂತಿದ್ದ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ನೆಗೆಟಿವ್ ನೋಡಲಿಲ್ಲ. ಕ್ಯಾಮೆರಾ ಹಿಡಿಯಲು ಹೇಳಿ ನನ್ನ ಗದ್ದ ನೋಡಿದರು. ಕಣ್ಣಿಗೇ ಒತ್ತಿಕೊಂಡ ವಸ್ತು ಹತ್ತಿರದ್ದಲ್ಲದೆ ಇನ್ನೇನು ಎಂದು ನಾನು ಗದ್ದ ಎತ್ತಿ, ಕನ್ನಡಕದ ಕೆಳಗಿನ ಅಂತಸ್ತಿನಿಂದ ನೋಡುತ್ತಿದ್ದೆ. ಅವರು ನಕ್ಕು ಅಂದರು: “ಮಾಸ್ತರ, ಕ್ಯಾಮೆರಾ ಕಣ್ಣಿಗೆ ಹತ್ತೈತಿ, ಚಿತ್ರ ಹತ್ತಿಲ್ಲ. ಅದು ಒಂದ್ ಗಜ ಆಚೆ ಕುಂತೈತಿ.”

ಮಾತು ನಿಜ. ಇಂಥ ಕ್ಯಾಮೆರಾಗಳ ಕಿಂಡಿಯಲ್ಲಿ ಒಂದು ಮಸೂರವಿರುತ್ತದೆ. ಒಳಗಿನ ಮಸುಕು ಗಾಜಿನ ಮೇಲೆ ಬಿದ್ದ ಬಿಂಬವನ್ನು ಅದು ಸುಮಾರು ಒಂದು ಮೀಟರ್ ದೂರದಲ್ಲಿ ಇರುವಂತೆ ತೋರಿಸುತ್ತದೆ. ಎದುರಿಗೆ ಹತ್ತಿರದಲ್ಲೇ ಇರುವ ಲಿಂಬೆಹಣ್ಣಾಗಲಿ, ಕ್ಷಿತಿಜದ ಬೆಟ್ಟವಾಗಲಿ, ಕಣ್ಣಿಗೆ ಎಲ್ಲವೂ ಅದೇ ಒಂದು ಗಜದಲ್ಲಿ. ಗದ್ದ ಇಳಿಸಿ ಮೇಲಿನ ಅಂತಸ್ತಿನಿಂದ ನೋಡಿದೆ. ಗೆರೆ ನಿಚ್ಚಳವಾಯಿತು. ಮುಂದೆ ಕಣ್ಣು ಇನ್ನೂ ಸೋತರೆ ಕಿಂಡಿಗೇ ತಿರುಗಿಸಿ ಕೂರಿಸುವ ನಂಬರಿನ ಗಾಜುಗಳೂ ಇವೆ; ಈ ಕ್ಯಾಮೆರಾಕ್ಕೆ ನಿಕಾನ್ ಅವನ್ನು ಮೈನಸ್ 5ರಿಂದ ಪ್ಲಸ್ 3ರವರೆಗೆ ಮಾಡಿತ್ತು.

ಮಸುಕು ಗಾಜು ನೋಡಿ ಫೋಕಸ್ ಮಾಡುವುದು ಹೊಸದೇನಲ್ಲ. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ನಮ್ಮ ಜಿಲ್ಲೆಯ ವಿಜಾಪುರಕ್ಕೆ ಕಟ್ಟಡಗಳ ಫೋಟೊ ತೆಗೆಯಲು ಬಂದಿದ್ದರು. ಆ ಕಾಲದ ಕ್ಯಾಮೆರಾದ ಹಿಂಬದಿಯ ಮಸುಕು ಗಾಜಿನಲ್ಲಿ ಗುಮ್ಮಟವೂ ತಲೆಕೆಳಗು. ಕರಿ ಬಟ್ಟೆ ಹೊದ್ದು ಅದನ್ನೇ ನೋಡಿ ಫೋಕಸ್ ಮಾಡಬೇಕು. ಚಷ್ಮಾ ಇಲ್ಲದವನೂ ನೋಡುವುದು ಗುಮ್ಮಟವನ್ನಲ್ಲ, ಗಾಜಿನ ಮೇಲಿನ ಬಿಂಬವನ್ನು. ಅದು ತಿಳಿದ ದಿನ ನನ್ನ ಮೂಗಿನ ಮೇಲಿನ ಗಾಜಿನ ಮೇಲಿದ್ದ ಸಿಟ್ಟು ಇಳಿಯಿತು. ಒಂದು ಗಾಜು ಹೆಚ್ಚು, ಅಷ್ಟೇ.

ಆಮೇಲೆ ಊರೂರು ಪಾಠ. ಸಿಂದಗಿ ಕಡೆಯ ಎರೆಹೊಲದಲ್ಲಿ ಎತ್ತ ನೋಡಿದರೂ ಅಡ್ಡ ಗೆರೆಗಳೇ: ಒಡ್ಡು, ಸಾಲು, ಬಾನಿನ ಅಂಚು. ಅಡ್ಡ ಗೆರೆಯನ್ನು ಅಡ್ಡ ಗೆರೆ ಕಡಿಯುವುದು ಹೇಗೆ? ಕ್ಯಾಮೆರಾವನ್ನು ಮಗ್ಗುಲಾಗಿಸಿ ಒಡ್ಡಿನ ಅಂಚು ಹಿಡಿಯಬೇಕು, ಕೂಡಿದ ಮೇಲೆ ನೆಟ್ಟಗೆ ಮಾಡಿಕೊಂಡು ತೆಗೆಯಬೇಕು. ಇಂಡಿಯ ಲಿಂಬೆ ತೋಟದಲ್ಲಿ ಕಷ್ಟವೇ ಬೇರೆ. ಎಲೆಯ ಮೇಲೆ ಎಲೆ, ಯಾವುದರ ಅಂಚು ಯಾವುದಕ್ಕೆ ಕೂಡಿತೋ ತಿಳಿಯದು. ಅಲ್ಲಿ ನನಗೆ ನೆರವಾದದ್ದು ಮುಳ್ಳು. ಅದೊಂದೇ ಅಲ್ಲಿ ಅನುಮಾನವಿಲ್ಲದ ಗೆರೆ.

ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಯಲ್ಲಿ ಮಾತ್ರ ಬಳೆ ಮುಟ್ಟಲೇ ಇಲ್ಲ. ಮೋಡ ಸರಿದು ಬಿಸಿಲು ಬಿದ್ದಿತ್ತು, ಒಳಗೆ 400ರ ರೀಲು. ಅಪರ್ಚರ್ 16ಕ್ಕೆ, ಬಳೆಯನ್ನು 5 ಮೀಟರಿನ ಗುರುತಿಗೆ ಇಟ್ಟುಬಿಟ್ಟೆ. ಎರಡೂವರೆ ಮೀಟರಿನಾಚೆ ಜನ, ಗುಡಿ, ಬೀದಿಯ ಆ ತುದಿ ಎಲ್ಲವೂ ಸ್ಪಷ್ಟ. ರಂಧ್ರ ಕಿರಿದಾದಷ್ಟೂ ಸ್ಪಷ್ಟತೆಯ ಹರವು ಹಿರಿದು. ಆಗ ನೆನಪಾದದ್ದು ಕಟ್ಟೆಯ ಮೇಲಿನ ಮುದುಕರು. ಚಾಳೀಸು ಮನೆಯಲ್ಲೇ ಮರೆತ ದಿನ ಅವರು ಪತ್ರಿಕೆಯನ್ನು ಬಿಸಿಲಿಗೆ ಹಿಡಿದು ಓದುತ್ತಾರೆ. ಬೆಳಕು ಹೆಚ್ಚಿದ್ದಕ್ಕಷ್ಟೇ ಅಲ್ಲ, ಬಿಸಿಲಿಗೆ ಪಾಪೆ ಕಿರಿದಾಗುವುದಕ್ಕೂ ಅಕ್ಷರ ಕಾಣುತ್ತದೆ.

ಮನೆಯೊಳಗೆ ಆ ಉದಾರತೆ ಇಲ್ಲ. ಮುದ್ದೇಬಿಹಾಳದ ನಮ್ಮ ಪಡಸಾಲೆಯಲ್ಲಿ ಅಪರ್ಚರ್ 2ಕ್ಕೆ ಬಿಚ್ಚಿದರೆ, ಒಂದು ಮೀಟರ್ ದೂರದಲ್ಲಿ ಸ್ಪಷ್ಟವಾಗಿರುವ ಜಾಗ ಸುಮಾರು 5 ಸೆಂಟಿಮೀಟರ್. ಕಣ್ಣು ಬೇಕೆಂದರೆ ಕಿವಿ ಬಿಡಬೇಕು. ಆ ಇಷ್ಟೇ ಇಷ್ಟನ್ನು ಬಳೆ ಹೇಗೆ ಹಿಡಿಯುತ್ತದೆ? ಮೆಲ್ಲಗೆ ತಿರುಗಿಸುತ್ತ ಗೆರೆ ಕೂಡಿದೊಡನೆ ನಿಲ್ಲಿಸಿದರೆ ನನಗೆ ಹೆಚ್ಚಿನ ಸಲ ತಪ್ಪುತ್ತಿತ್ತು. ಕೂಡಿದ್ದನ್ನು ದಾಟಿ ಹೋಗಬೇಕು, ಗೆರೆ ಆ ಕಡೆಗೆ ಮುರಿಯುವುದನ್ನು ಕಾಣಬೇಕು, ಆಮೇಲೆ ಹಿಂದಕ್ಕೆ ಬರಬೇಕು. ಚಷ್ಮಾ ಅಂಗಡಿಯಲ್ಲಿ ಒಂದೊಂದೇ ಗಾಜು ಬದಲಿಸುತ್ತ “ಇದ್ರಾಗ ಛಲೋ ಕಾಣ್ತೈತೋ, ಇದ್ರಾಗೋ?” ಎಂದು ಕೇಳುವುದೂ ಇದನ್ನೇ. ಸರಿಯಾದ ನಂಬರು ಒಂಟಿಯಾಗಿ ಎದುರು ಬಂದು ನಿಂತರೆ ನಮಗೆ ಗುರುತು ಹತ್ತುವುದಿಲ್ಲ. ಅದರ ಆಚೆಯ ತಪ್ಪು, ಈಚೆಯ ತಪ್ಪು ಎರಡನ್ನೂ ಕಂಡ ಮೇಲೆ ನಡುವೆ ಉಳಿದದ್ದಕ್ಕೆ ಹೂಂ ಅನ್ನುತ್ತೇವೆ. ಐವತ್ತರವರೆಗೆ ಮಕ್ಕಳ ನೋಟ್‌ಬುಕ್ಕಿನಲ್ಲಿ ತಪ್ಪಿಗೆ ಕೆಂಪು ಗೀರು ಎಳೆದ ಮಾಸ್ತರನಿಗೆ ಇದು ತಡವಾಗಿ ತಿಳಿಯಿತು.

ಆ ಪಡಸಾಲೆಯಲ್ಲೇ ಅವ್ವ ಕಿಟಕಿಯ ಬೆಳಕಿಗೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಒಂದು ಗಜದಲ್ಲಿ ನಾನು. ಅವಳ ಚಾಳೀಸಿನ ಫ್ರೇಮಿನ ನೆಟ್ಟಗಿನ ಅಂಚನ್ನು ಗೆರೆಗೆ ಕೂಡಿಸಿ, ದಾಟಿಸಿ, ಮರಳಿ ತಂದು ಬಟನ್ ಒತ್ತಿದೆ. ಅದೇ ಗಳಿಗೆಗೆ ಅವಳು ತುಸು ಹಿಂದೆ ಸರಿದು ಮೊರ ಎತ್ತಿದ್ದಳು. ಹರಳು ಕಾಣಲೆಂದು ಅದನ್ನು ಮುಂದೆ ಚಾಚಿ, ಹತ್ತಿರ ತಂದು, ಮತ್ತೆ ಚಾಚಿ, ತನ್ನ ಕಣ್ಣಿಗೆ ಸರಿಹೊಂದುವ ದೂರ ಹುಡುಕುತ್ತಿದ್ದಳು. ಅವಳದಕ್ಕೆ ಬಳೆ ಇರಲಿಲ್ಲ, ಮೊಣಕೈ ಇತ್ತು.

ರೀಲು ತೊಳೆದು ಬಂದಾಗ ಅವ್ವನ ಮುಖ ಮಂಜಾಗಿತ್ತು. ಅವಳ ಮುಖವಿದ್ದ ಜಾಗಕ್ಕೆ ಬಂದಿದ್ದ ಮೊರದ ಅಂಚು ಮಾತ್ರ ಎಳೆ ಎಳೆಯಾಗಿ ಮೂಡಿತ್ತು. ನಾಚುತ್ತಲೇ ಪ್ರಿಂಟ್ ತೋರಿಸಿದೆ. ಅವಳು ಅದನ್ನೂ ಒಮ್ಮೆ ದೂರ ಹಿಡಿದು, ಒಮ್ಮೆ ಹತ್ತಿರ ತಂದು ನೋಡಿದಳು.

“ಕಾಳ ಛಲೋ ಬಂದಾವ,” ಅಂದಳು. ಆಮೇಲೆ ಉಗುರಿನಿಂದ ಪ್ರಿಂಟಿನ ಮೂಲೆ ಮುಟ್ಟಿ, “ಇಲ್ಲೊಂದು ಹರಳ ಉಳದೈತಿ ನೋಡು.”