ನಾವು ಆರಿಸಿಕೊಳ್ಳದ ದಿನಗಳು

ಎಲ್ಲ ದಿನಗಳೂ ದೇವರವೇ ಆಗಿದ್ದರೆ ಕೆಲವನ್ನು ಮಾತ್ರ ಹಬ್ಬವೆಂದು ಎತ್ತಿಹಿಡಿಯುವುದೇಕೆ? ಈ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ದಿನ, ತಿಂಗಳು, ಋತು, ವರ್ಷಗಳ ಆಚರಣೆಗೆ ಬಿದ್ದ ಗಲಾತ್ಯದ ವಿಶ್ವಾಸಿಗಳನ್ನು ನೆನೆದು, ತಾವು ಪಟ್ಟ ಪಾಡೆಲ್ಲ ವ್ಯರ್ಥವಾಯಿತೇನೋ ಎಂದು ಸಂತ ಪೌಲರು ತಮ್ಮ ಪತ್ರದಲ್ಲಿ ಮರುಗುತ್ತಾರೆ. ಇಂಗ್ಲೆಂಡಿನಲ್ಲಿ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರಾದ ಪ್ಯೂರಿಟನ್ನರ ಪ್ರಾಬಲ್ಯವಿದ್ದ ಪಾರ್ಲಿಮೆಂಟು 1647ರಲ್ಲಿ ಕ್ರಿಸ್ಮಸ್ ಹಬ್ಬವನ್ನೇ ರದ್ದುಪಡಿಸಿತು. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತು ಆ ಹಬ್ಬ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಗೊತ್ತುಮಾಡಿತು. ನಮ್ಮ ನಾಡಿನಲ್ಲಂತೂ ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣನವರು ತಾರಾಬಲ, ಚಂದ್ರಬಲಗಳ ಲೆಕ್ಕಾಚಾರವನ್ನು ಬದಿಗಿಟ್ಟು, ಭಕ್ತನಿಗೆ ಎಲ್ಲ ದಿನವೂ ಶುಭವೆಂಬ ನಿಲುವನ್ನು ತಳೆದಿದ್ದರು. ಇಂಥ ಆಕ್ಷೇಪವನ್ನು ಕಥೋಲಿಕರು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಆಗಮನ ಕಾಲದಿಂದ ಹಿಡಿದು ಕ್ರಿಸ್ತರಾಜರ ಹಬ್ಬದವರೆಗೆ ಸಾಗುವ ದೈವಾರಾಧನಾ ವರ್ಷ ವಿಶ್ವಾಸಕ್ಕೆ ಬೇಕೇ ಬೇಕು ಎಂದು ನಾನು ನಂಬುತ್ತೇನೆ. ಕಾರಣ ಇಷ್ಟೆ: ಈ ದಿನಗಳನ್ನು ನಾವು ಆರಿಸಿಕೊಂಡಿಲ್ಲ. ಆದ್ದರಿಂದಲೇ ಅವು ನಮ್ಮ ಮನಸ್ಸಿನ ಏರಿಳಿತಗಳಿಂದ ವಿಶ್ವಾಸವನ್ನು ಕಾಪಾಡಬಲ್ಲವು.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಮುಹೂರ್ತ ನೋಡುವವರು ದಿನಕ್ಕೇ ಒಂದು ಶಕ್ತಿಯಿದೆ ಎಂದು ತಿಳಿಯುತ್ತಾರೆ. ಧರ್ಮಸಭೆಯ ಹಬ್ಬಗಳು ನಿಂತಿರುವುದು ಆ ತಿಳಿವಳಿಕೆಯ ಮೇಲಲ್ಲ. ಅವು ನಡೆದದ್ದನ್ನು ನೆನೆಯುವ, ನೆನೆದು ಅದರಲ್ಲಿ ಪಾಲುಗೊಳ್ಳುವ ದಿನಗಳು. ಚರಿತ್ರೆಯೇ ಇದಕ್ಕೆ ಸಾಕ್ಷಿ. ಎರಡನೆಯ ಶತಮಾನದಲ್ಲಿ ಏಷ್ಯಾ ಪ್ರಾಂತ್ಯದ ಸಭೆಗಳು ಯೆಹೂದ್ಯರ ನಿಸಾನ್ ತಿಂಗಳ ಹದಿನಾಲ್ಕನೆಯ ದಿನಕ್ಕೆ ಪಾಸ್ಖವನ್ನು (ಈಸ್ಟರ್) ಹೊಂದಿಸಿಕೊಂಡಿದ್ದವು. ರೋಮಿನವರು ಭಾನುವಾರವೇ ಆಗಬೇಕೆಂದರು. ಪೋಪ್ ವಿಕ್ಟರ್ ಏಷ್ಯಾದವರ ಸಂಬಂಧವನ್ನೇ ಕಡಿದುಕೊಳ್ಳಲು ಹೊರಟಾಗ ಲಿಯೋನಿನ ಧರ್ಮಾಧ್ಯಕ್ಷ ಸಂತ ಇರೆನೇಯಸ್ ತಡೆದು, ಆಚರಣೆ ಬೇರೆಯಾದ ಮಾತ್ರಕ್ಕೆ ಒಗ್ಗಟ್ಟು ಮುರಿಯಬೇಕಿಲ್ಲ ಎಂದು ಬುದ್ಧಿ ಹೇಳಿದರು. ಯೇಸುಸ್ವಾಮಿ ಹುಟ್ಟಿದ ತಾರೀಖು ಶುಭಸಂದೇಶಗಳಲ್ಲಿ ಎಲ್ಲೂ ಇಲ್ಲ. ಡಿಸೆಂಬರ್ 25ರ ಹಬ್ಬದ ಸ್ಪಷ್ಟ ದಾಖಲೆ ಸಿಗುವುದು 354ರಲ್ಲಿ ರೋಮಿನಲ್ಲಿ ಸಿದ್ಧವಾದ ಪಂಚಾಂಗದಲ್ಲಿ. ಪೋಪ್ ಆರನೆಯ ಪೌಲರು 1969ರಲ್ಲಿ ಪಂಚಾಂಗವನ್ನು ಪರಿಷ್ಕರಿಸಿದಾಗ ಹಲವು ಸಂತರ ಸ್ಮರಣೆಗಳನ್ನು ಸ್ಥಳೀಯ ಸಭೆಗಳಿಗೆ ಬಿಟ್ಟುಕೊಟ್ಟರು. ತಾರೀಖು ತಪ್ಪಿದರೆ ನಂಬಿಕೆ ಕುಸಿಯುವುದಾದರೆ ಇಷ್ಟೆಲ್ಲ ಬದಲಾವಣೆ ಸಾಧ್ಯವೇ ಆಗುತ್ತಿರಲಿಲ್ಲ. ಒಬ್ಬನು ಒಂದು ದಿನವನ್ನು ಶ್ರೇಷ್ಠವೆಂದೆಣಿಸುತ್ತಾನೆ, ಇನ್ನೊಬ್ಬನು ಎಲ್ಲವನ್ನೂ ಸಮವೆಂದೆಣಿಸುತ್ತಾನೆ, ಆಚರಿಸುವವನು ಪ್ರಭುವಿಗಾಗಿ ಆಚರಿಸಲಿ ಎಂದು ರೋಮಿನವರಿಗೆ ಬರೆದವರೂ ಅದೇ ಸಂತ ಪೌಲರು.

ಹಾಗಿದ್ದರೆ ಈ ದೈವಾರಾಧನಾ ವರ್ಷ ನಮಗೆ ಮಾಡುವ ಉಪಕಾರವೇನು? ನಮ್ಮಷ್ಟಕ್ಕೆ ಬಿಟ್ಟರೆ ನಾವು ಧರ್ಮದಲ್ಲಿ ರುಚಿಸಿದ್ದನ್ನು ಉಳಿಸಿಕೊಂಡು ಉಳಿದದ್ದನ್ನು ಮರೆಯುತ್ತೇವೆ. ಗೋದಲಿಯ ಕಂದ ಎಲ್ಲರಿಗೂ ಇಷ್ಟ. ಆದರೆ ಕ್ರಿಸ್ತಜಯಂತಿಯ ಮರುದಿನ, ಡಿಸೆಂಬರ್ 26ರಂದು, ಧರ್ಮಸಭೆ ಕಲ್ಲೇಟಿಗೆ ಬಲಿಯಾದ ಮೊದಲ ರಕ್ತಸಾಕ್ಷಿ ಸಂತ ಸ್ತೆಫಾನರನ್ನು ನೆನೆಯುತ್ತದೆ. 28ರಂದು ಹೆರೋದನು ಕೊಲ್ಲಿಸಿದ ಹಸುಳೆಗಳನ್ನು. ಸಂಭ್ರಮದ ನಡುವೆ ಈ ನೆತ್ತರನ್ನು ಯಾರು ತಾನಾಗಿ ತಂದಿಟ್ಟುಕೊಳ್ಳುತ್ತಿದ್ದರು? ಶುಭ ಶುಕ್ರವಾರದಂದು ಬಲಿಪೂಜೆಯೇ ಇಲ್ಲ. ತಪಸ್ಸುಕಾಲದ ಉದ್ದಕ್ಕೂ ಅಲ್ಲೆಲೂಯ ಕೇಳಿಬರುವುದಿಲ್ಲ. ಅದೇ ಹೊತ್ತಿಗೆ, ತಪಸ್ಸಿಗೆ ನಲವತ್ತು ದಿನ ಕೊಟ್ಟ ಸಭೆ ಪುನರುತ್ಥಾನದ ಸಂತೋಷಕ್ಕೆ ಐವತ್ತು ದಿನ ಕೊಟ್ಟಿದೆ. ಹಬ್ಬದ ಸದ್ದಿಲ್ಲದ ಸಾಧಾರಣ ಕಾಲಕ್ಕಾದರೋ 33 ಅಥವಾ 34 ವಾರಗಳು. ಮತ್ತಾಯ, ಮಾರ್ಕ, ಲೂಕರ ಶುಭಸಂದೇಶಗಳನ್ನು ವರ್ಷಕ್ಕೊಂದರಂತೆ ಮೂರು ವರ್ಷದ ಸುತ್ತಿನಲ್ಲಿ ಭಾನುವಾರಗಳಂದು ಓದಲಾಗುತ್ತದೆ. ಹೀಗಾಗಿ ಗುರುವಾಗಲಿ ಭಕ್ತರಾಗಲಿ ಹಿಡಿಸಿದ ವಾಕ್ಯಗಳಲ್ಲೇ ಸುತ್ತಾಡುವಂತಿಲ್ಲ. ಕಠಿಣವಾದ ಮಾತಿನ ಎದುರಿಗೂ ನಿಲ್ಲಲೇಬೇಕು.

ಇಲ್ಲಿ ಇನ್ನೊಂದು ಆಕ್ಷೇಪ ಎದುರಾಗುತ್ತದೆ. ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ಪಾಸ್ಖದ ಭಾನುವಾರ ಆನಂದಪಡು ಎನ್ನುವುದು ಕ್ರೌರ್ಯವಲ್ಲವೇ, ಗೊತ್ತುಮಾಡಿದ ದಿನದಂದು ತಂದುಕೊಂಡ ಭಾವನೆ ಬೂಟಾಟಿಕೆಯಲ್ಲವೇ? ಹಬ್ಬ ಭಾವನೆಯನ್ನು ಕೇಳುತ್ತಿದ್ದರೆ ಹೌದೆನ್ನಬೇಕಾಗುತ್ತಿತ್ತು. ಅದು ಕೇಳುವುದು ನಮ್ಮ ಇರವನ್ನು. ದುಃಖದಲ್ಲಿರುವವಳು ಹಾಡಲಾರಳು, ಸುತ್ತಲಿನವರು ಅವಳ ಪರವಾಗಿ ಹಾಡುತ್ತಾರೆ. ಸುಖದಲ್ಲಿರುವವನು ಶುಭ ಶುಕ್ರವಾರ ಪರರ ನೋವಿನ ಪಕ್ಕದಲ್ಲಿ ಮಂಡಿಯೂರುತ್ತಾನೆ. ಪ್ಯೂರಿಟನ್ನರನ್ನು ನ್ಯಾಯವಾಗಿ ನೋಡಬೇಕು: ಅವರು ಭಾನುವಾರವನ್ನು ಬಲು ನಿಷ್ಠೆಯಿಂದ ಪಾಲಿಸಿದರು, ಒಳ್ಳೆಯದಾದಾಗ ಕೃತಜ್ಞತೆಯ ದಿನವನ್ನೂ ಕೇಡು ಬಂದಾಗ ಉಪವಾಸದ ದಿನವನ್ನೂ ಸಾರಿದರು. ಆದರೆ ಆಗ ದಿನಗಳು ನಮ್ಮ ಗೆಲುವು ಸೋಲುಗಳ ನೆರಳಾಗುತ್ತವೆ. ಕೇಡಿನ ವರ್ಷದಲ್ಲೂ ಪುನರುತ್ಥಾನವನ್ನು ಸಾರಬೇಕೆಂದರೆ ನಮ್ಮ ಸ್ಥಿತಿಗತಿಯನ್ನು ಕೇಳದೆ ಬರುವ ದಿನವೇ ಬೇಕು.

ಹೊರಗಿನಿಂದ ಬಂದ ಪಂಚಾಂಗ ನೆಲದ ಬದುಕನ್ನು ಅಳಿಸುತ್ತದೆ ಎಂಬ ಆತಂಕಕ್ಕೆ ಕರಾವಳಿ ಉತ್ತರ ಕೊಟ್ಟಿದೆ. ಮಾತೆ ಮರಿಯಮ್ಮನವರ ಜನನದ ಹಬ್ಬ, ಸೆಪ್ಟೆಂಬರ್ 8, ಪೂರ್ವದ ಸಭೆಗಳಿಂದ ರೋಮಿಗೆ ಬಂದದ್ದು. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕಥೋಲಿಕರಿಗೆ ಅದು ಮೊಂತಿ ಹಬ್ಬ: ಹೊಸ ತೆನೆಯನ್ನು ಗುಡಿಯಲ್ಲಿ ಆಶೀರ್ವದಿಸಿ, ಮನೆಗೆ ತಂದು, ಅದರ ಕಾಳನ್ನು ಎಲ್ಲರೂ ಹಂಚಿಕೊಂಡು ಉಣ್ಣುವ ದಿನ. ತಾರೀಖು ಪರಂಪರೆ ಕೊಟ್ಟದ್ದು, ತೆನೆ ಗದ್ದೆ ಕೊಟ್ಟದ್ದು. ಎರಡೂ ನಾವು ಮಾಡಿದ್ದಲ್ಲ, ಪಡೆದದ್ದು.

ಇಷ್ಟಾದರೂ ಆಚರಣೆ ಒಣಗುವ ಅಪಾಯ ಇದ್ದೇ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ದೈವಾರಾಧನಾ ವರ್ಷವೂ ಮುಚ್ಚಿಟ್ಟಿಲ್ಲ. ಬೂದಿ ಬುಧವಾರ ಕಳೆದು ಎರಡೇ ದಿನಕ್ಕೆ, ಶುಕ್ರವಾರದ ಬಲಿಪೂಜೆಯಲ್ಲಿ, ಪ್ರವಾದಿ ಯೆಶಾಯನ ಐವತ್ತೆಂಟನೆಯ ಅಧ್ಯಾಯವನ್ನು ಓದಲಾಗುತ್ತದೆ. ಉಪವಾಸವಿದ್ದುಕೊಂಡೇ ಆಳುಗಳನ್ನು ಹಿಂಡುವವರನ್ನು ಅಲ್ಲಿ ದೇವರು ಖಂಡಿಸುತ್ತಾರೆ. ಹಸಿದವರೊಡನೆ ಅನ್ನ ಹಂಚಿಕೊಳ್ಳುವುದೇ ತಮಗೆ ಮೆಚ್ಚಾದ ಉಪವಾಸ ಎನ್ನುತ್ತಾರೆ. ಆಚರಣೆಯ ಮೇಲಿನ ಅತ್ಯಂತ ಹರಿತವಾದ ಟೀಕೆ ಆಚರಣೆಯ ಒಳಗೇ, ತಪ್ಪಿಸಿಕೊಳ್ಳಲಾಗದ ಹಾಗೆ, ವರ್ಷ ವರ್ಷವೂ ನಮ್ಮೆದುರು ಬರುತ್ತದೆ. ಪಂಚಾಂಗವನ್ನು ಕೈಬಿಟ್ಟವನು ಆ ಅಧ್ಯಾಯವನ್ನು ತನಗೆ ಬೇಕೆನಿಸಿದಾಗ ತೆರೆಯಬಹುದು, ಬೇಡವೆನಿಸಿದರೆ ಮುಚ್ಚಿಡಬಹುದು. ಹಬ್ಬಗಳನ್ನು ಪಾಲಿಸುವವನಿಗೆ ಆ ಬಿಡುವಿಲ್ಲ. ಹಾಗೆ ಪ್ರಶ್ನೆಗೆ ಒಳಗಾಗಲು ಒಪ್ಪುವುದೇ ಹಬ್ಬವನ್ನು ನಿಜವಾಗಿ ಆಚರಿಸುವ ರೀತಿ.