ಅಂಕಿತವೂ ಆತ್ಮಶ್ಲಾಘನೆಯೂ

ತನ್ನನ್ನು ತಾನು ಹೊಗಳಿಕೊಳ್ಳುವವನ ಬಗೆಗೆ ಮಹಾಭಾರತದ ಕರ್ಣಪರ್ವವು ಕೊಡುವ ತೀರ್ಪು ಬಹಳ ಕಠೋರವಾದದ್ದು. ಗಾಂಡೀವವನ್ನು ಬೇರೊಬ್ಬನಿಗೆ ಕೊಟ್ಟುಬಿಡು ಎಂದವನನ್ನು ಕೊಲ್ಲುವೆನೆಂದು ಪ್ರತಿಜ್ಞೆ ಮಾಡಿದ್ದ ಅರ್ಜುನನು, ಆ ಮಾತು ಧರ್ಮರಾಯನ ಬಾಯಿಂದಲೇ ಬಂದಾಗ ಅಣ್ಣನ ಮೇಲೆ ಕತ್ತಿ ಹಿರಿಯುತ್ತಾನೆ. ಹಿರಿಯರನ್ನು 'ನೀನು' ಎಂದು ಹೀಗಳೆದರೆ ಅವರನ್ನು ಕೊಂದಂತೆಯೇ ಆಯಿತೆಂದು ಹೇಳಿ ಕೃಷ್ಣನು ಆ ಕೊಲೆಯನ್ನು ಮಾತಿಗೆ ಇಳಿಸುತ್ತಾನೆ. ಹಾಗೆ ಅಣ್ಣನನ್ನು ನಿಂದಿಸಿದ ಪಾಪಕ್ಕೆ ಅರ್ಜುನನು ತನ್ನ ತಲೆಯನ್ನೇ ಕಡಿದುಕೊಳ್ಳಲು ಹೊರಟಾಗ, ತನ್ನ ಗುಣಗಳನ್ನು ತಾನೇ ಬಣ್ಣಿಸಿಕೊಳ್ಳುವುದು ಆತ್ಮಹತ್ಯೆಗೆ ಸಮಾನ, ಅದನ್ನು ಮಾಡಿದರೆ ಸಾಕು ಎಂದು ಕೃಷ್ಣನೇ ಹೇಳುತ್ತಾನೆ. ಈ ತೀರ್ಪನ್ನು ಅಕ್ಷರಶಃ ತೆಗೆದುಕೊಂಡರೆ ಇಂದಿನ ಸ್ವತಂತ್ರ ಸಂಗೀತಗಾರನ ಪಾಡು ಕಷ್ಟದ್ದು. ಸಿನಿಮಾದ ಆಸರೆಯಾಗಲಿ ಆಡಿಯೊ ಕಂಪನಿಯ ಬಂಡವಾಳವಾಗಲಿ ಇಲ್ಲದೆ, ತಾನೇ ರಾಗ ಸಂಯೋಜಿಸಿ, ತಾನೇ ಹಾಡಿ, ತಾನೇ ಧ್ವನಿಮುದ್ರಿಸಿ ಬಿಡುಗಡೆ ಮಾಡುವವರನ್ನು ಆ ಹೆಸರಿನಿಂದ ಕರೆಯುವುದು ರೂಢಿ. ಅಂಥವರ ಹಾಡನ್ನು ಹೊಗಳಲು ಬೇರೆ ಯಾರೂ ನೇಮಕಗೊಂಡಿಲ್ಲವಾದ್ದರಿಂದ ಆ ಕೆಲಸವೂ ಅವರ ಪಾಲಿಗೇ ಬರುತ್ತದೆ. ಹಾಡನ್ನು ಜನರಿಗೆ ಮುಟ್ಟಿಸುವ ಕರ್ತವ್ಯವೂ ತನ್ನನ್ನು ಹೊಗಳಿಕೊಳ್ಳಬಾರದೆಂಬ ಧರ್ಮವೂ ಒಬ್ಬನೇ ವ್ಯಕ್ತಿಯಲ್ಲಿ ಎದುರುಬದುರಾದಾಗ ಯಾವುದು ಮಣಿಯಬೇಕು ಎಂಬುದು ಇಲ್ಲಿನ ಪ್ರಶ್ನೆ.

ಕನ್ನಡ ಕವಿಪರಂಪರೆಯು ಈ ವಿಷಯದಲ್ಲಿ ಕರ್ಣಪರ್ವದ ಮಾತನ್ನು ಅಷ್ಟೇನೂ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುವುದಿಲ್ಲ. 10ನೆಯ ಶತಮಾನದ ಪಂಪನು ತನ್ನ ಎರಡು ಕಾವ್ಯಗಳು ಹಿಂದಿನ ಕಾವ್ಯಗಳನ್ನೆಲ್ಲ ಮೆಟ್ಟಿ ನಿಂತವೆಂದು ಸಂಕೋಚವಿಲ್ಲದೆ ಸಾರಿದನು. ರನ್ನನು ವಾಗ್ದೇವಿಯ ಭಂಡಾರದ ಮುದ್ರೆಯನ್ನು ತಾನು ಒಡೆದೆನೆಂದು ಹೇಳಿಕೊಂಡದ್ದಲ್ಲದೆ, ತನ್ನ ಕೃತಿಯನ್ನು ಪರೀಕ್ಷಿಸಲು ಹೊರಡುವವನಿಗೆ ಎಂಟೆದೆ ಇದೆಯೇ ಎಂದು ಸವಾಲನ್ನೂ ಹಾಕಿದನು. ಇವೆಲ್ಲ ಕಾವ್ಯದ ಪೀಠಿಕೆಯಲ್ಲಿ ಬರುವ ಸಂಪ್ರದಾಯದ ಮಾತುಗಳೆಂದು ಬದಿಗಿಡಬಹುದಾದರೂ, ಗದುಗಿನ ಕುಮಾರವ್ಯಾಸನಲ್ಲಿ ವಿಷಯವು ತತ್ತ್ವದ ಮಟ್ಟಕ್ಕೆ ಏರುತ್ತದೆ. ಭಾರತವನ್ನು ಹೇಳುವ ಕವಿ ಗದುಗಿನ ವೀರನಾರಾಯಣನೇ, ತಾನು ಬರೆದುಕೊಂಡ ಲಿಪಿಕಾರ ಮಾತ್ರ ಎಂದು ಕರ್ತೃತ್ವವನ್ನೇ ಬಿಟ್ಟುಕೊಡುವ ಈ ಕವಿ, ಹಲಗೆ ಬಳಪ ಹಿಡಿಯದೆ ಬರೆಯುವ, ಇಟ್ಟ ಪದವನ್ನು ಅಳಿಸದ ಹೆಗ್ಗಳಿಕೆ ತನ್ನದೆಂದೂ ಅದೇ ಪೀಠಿಕೆಯಲ್ಲಿ ಹೇಳುತ್ತಾನೆ. ಇದನ್ನು ವಿರೋಧಾಭಾಸವೆಂದು ತಳ್ಳಿಹಾಕುವುದು ಸುಲಭ. ಆದರೆ ಕೃತಿಯ ಒಡೆತನ ಬೇರೆ, ಕುಶಲತೆಯ ಲೆಕ್ಕ ಬೇರೆ ಎಂಬ ತಿಳಿವಳಿಕೆ ಇಲ್ಲಿ ಕೆಲಸ ಮಾಡುತ್ತಿದೆ ಎಂದು ಓದುವುದು ಹೆಚ್ಚು ನ್ಯಾಯವಾದೀತು.

ಆದರೆ ನಮ್ಮ ಪ್ರಶ್ನೆಗೆ ನಿಜವಾಗಿ ಹತ್ತಿರವಾಗುವವರು ಕವಿಗಳಲ್ಲ, ಹಾಡುಗಾರರು. ವ್ಯಾಸರಾಯರ ಶಿಷ್ಯರಾದ ಪುರಂದರದಾಸರನ್ನೂ (1484–1564) ಅವರ ಹಿಂದುಮುಂದಿನ ಹರಿದಾಸರನ್ನೂ ವಿರಾಗಿಗಳೆಂದು ನೆನೆಯುವ ಭರದಲ್ಲಿ, ಅವರು ಹಾಡಿನ ಪ್ರಸಾರವನ್ನು ಎಷ್ಟು ಎಚ್ಚರದಿಂದ ರೂಪಿಸಿದ್ದರು ಎಂಬುದು ಮರೆತುಹೋಗುತ್ತದೆ. ಕಾಲಿಗೆ ಗೆಜ್ಜೆ, ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಚಿಟಿಕೆ, ಭಿಕ್ಷೆಗೆ ಗೋಪಾಳಬುಟ್ಟಿ ಹಿಡಿದು ಬೆಳಗಿನ ಹೊತ್ತು ಮನೆಮನೆಯ ಮುಂದೆ ಹಾಡುತ್ತ ಹೋಗುವ ಪದ್ಧತಿಗೆ ಯಾಯಿವಾರ ಎಂದು ಹೆಸರು. ಈ ಪದ್ಧತಿಯಲ್ಲಿ ಕೇಳುಗರು ಹಾಡಿನ ಬಳಿಗೆ ಬರಬೇಕಾದ್ದಿಲ್ಲ, ಹಾಡೇ ಕೇಳುಗರ ಬಾಗಿಲಿಗೆ ಹೋಗುತ್ತದೆ. ಅಲ್ಲಿ ಅಂಗಳ ಸಾರಿಸುವವರೂ ನೀರು ಸೇದುವವರೂ ಕೆಲಸ ನಿಲ್ಲಿಸದೆ ಕೇಳಿ ಕಲಿಯಬೇಕಾದ್ದರಿಂದ, ಮತ್ತೆ ಮತ್ತೆ ಮರಳುವ ಪಲ್ಲವಿ, ಅದನ್ನು ವಿಸ್ತರಿಸುವ ಅನುಪಲ್ಲವಿ, ಒಂದೇ ಧಾಟಿಯ ಚರಣಗಳು ಎಂಬ ಕಟ್ಟು ಬಹಳ ಪ್ರಯೋಜನಕ್ಕೆ ಬಂತು. ಸಂಸ್ಕೃತದಲ್ಲಿ ಶಾಸ್ತ್ರಚರ್ಚೆ ನಡೆಸುವ ವ್ಯಾಸಕೂಟಕ್ಕೆ ಎದುರಾಗಿ ಕನ್ನಡದಲ್ಲಿ ಹಾಡುವ ದಾಸಕೂಟವು ಗಟ್ಟಿಯಾದದ್ದು ಭಕ್ತಿಯ ಕಾರಣದಿಂದ ಎಷ್ಟೋ, ಹಾಡು ಎಲ್ಲಿ ಯಾರಿಗೆ ತಲುಪಬೇಕೆಂಬ ಸ್ಪಷ್ಟ ಆಯ್ಕೆಯ ಕಾರಣದಿಂದಲೂ ಅಷ್ಟೇ. ಪುರಂದರದಾಸರು ರಚಿಸಿದ ಹಾಡುಗಳು 4,75,000 ಎಂದು ಸಂಪ್ರದಾಯವು ಹೇಳುತ್ತದೆ. ಉಳಿದು ಬಂದಿರುವುದು ಅದರ ಅತ್ಯಲ್ಪ ಭಾಗ. ಎಣಿಕೆಯಿಂದ ಹಿರಿಮೆಯನ್ನು ಅಳೆಯುವ ಚಪಲವನ್ನು ಇಂದಿನ ಯೂಟ್ಯೂಬು ಕಂಡುಹಿಡಿಯಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ಪ್ರಚಾರವಿದ್ದೂ ದಾಸರಿಗೆ ಆತ್ಮಶ್ಲಾಘನೆಯ ದೋಷ ತಟ್ಟದಿರುವುದಕ್ಕೆ ಕಾರಣ ಅಂಕಿತ. ಅಂಕಿತವೆಂದರೆ ಹಾಡಿನ ಕೊನೆಯ ಚರಣದಲ್ಲಿ ಬರುವ ಮುದ್ರಿಕೆ. ಅಲ್ಲಿರುವುದು ರಚಿಸಿದವರ ಹೆಸರಲ್ಲ, ಅವರ ದೈವದ ಹೆಸರು. ಪುರಂದರದಾಸರಿಗೆ ಪುರಂದರವಿಠಲ, ಶ್ರೀಪಾದರಾಜರಿಗೆ ರಂಗವಿಠಲ, ವಾದಿರಾಜರಿಗೆ ಹಯವದನ, ಕನಕದಾಸರಿಗೆ ಕಾಗಿನೆಲೆಯ ಆದಿಕೇಶವ. ದಾಸದೀಕ್ಷೆಯಲ್ಲಿ ಅಂಕಿತವನ್ನು ಗುರುವಿನಿಂದ ಪಡೆಯಬೇಕು, ತಾನೇ ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮ ಮುಖ್ಯವಾದದ್ದು, ಏಕೆಂದರೆ ಅದರಿಂದ ಹಾಡುಗಾರನ ಸಾರ್ವಜನಿಕ ಗುರುತು ಅವನ ಸ್ವಂತ ಆಯ್ಕೆಯಾಗುವುದು ತಪ್ಪುತ್ತದೆ. ಇದರ ಹಿಂದೆ ದಾಸರು ಒಪ್ಪಿಕೊಂಡ ಮಧ್ವಾಚಾರ್ಯರ ತತ್ತ್ವವಿದೆ. ತತ್ತ್ವಸಂಖ್ಯಾನವೆಂಬ ಕಿರುಗ್ರಂಥದಲ್ಲಿ ಅವರು ಇರುವುದೆಲ್ಲವನ್ನೂ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ, ವಿಷ್ಣುವೊಬ್ಬನನ್ನೇ ಮೊದಲ ಗುಂಪಿನಲ್ಲಿಟ್ಟರು. ಹಾಗೆಂದು ಜೀವನು ಬರಿಯ ಗೊಂಬೆಯಲ್ಲ: ಅವನ ಕರ್ತೃತ್ವ, ಎಂದರೆ ಕೆಲಸ ಮಾಡುವ ಸಾಮರ್ಥ್ಯ, ನಿಜವಾದದ್ದೇ, ಆದರೆ ಅದು ದೇವರಿಂದ ಬಂದದ್ದು, ಅವನ ಅಧೀನದಲ್ಲಿರುವಂಥದು. ಹಾಡಿದವನು ನಿಜವಾಗಿ ಹಾಡಿದ್ದಾನೆ, ಆದರೆ ಹಾಡಬಲ್ಲೆನೆಂಬುದು ಅವನ ಸ್ವಂತ ಆಸ್ತಿಯಲ್ಲ ಎಂಬ ಈ ನಿಲುವಿನಲ್ಲಿ, ಹಾಡನ್ನು ಸಾರುವುದು ಸೇವೆಯಾಗುತ್ತದೆ, ಹಾಡುವವನನ್ನು ಸಾರುವುದು ಕಳವಾಗುತ್ತದೆ. ಬಾಖ್ ಎಂಬ ಜರ್ಮನ್ ಸಂಗೀತ ರಚನಕಾರನು ತನ್ನ ಅನೇಕ ಹಸ್ತಪ್ರತಿಗಳ ಕೊನೆಯಲ್ಲಿ 'ದೇವರೊಬ್ಬನಿಗೇ ಕೀರ್ತಿ' ಎಂಬರ್ಥದ ಲ್ಯಾಟಿನ್ ಮಾತಿನ ಮೊದಲಕ್ಷರಗಳನ್ನು ಬರೆದದ್ದೂ ಇದೇ ಜಾತಿಯ ವಿವೇಕ, ಆದರೆ ಅದು ಕಾಗದದ ಮೇಲೆ ಉಳಿಯಿತು. ಅಂಕಿತವು ಹಾಡಿನೊಳಗೇ ಇರುವುದರಿಂದ ಹಾಡುವ ಪ್ರತಿಯೊಬ್ಬರ ಬಾಯಲ್ಲೂ ಮತ್ತೆ ನುಡಿಯುತ್ತದೆ.

ಅಂಕಿತದಲ್ಲಿ ಒಂದು ಜಾಣತನವೂ ಇದೆ. ದೈವದ ಹೆಸರನ್ನಿಟ್ಟು ತನ್ನ ಹೆಸರನ್ನು ಕರಗಿಸಿದ ಹಾಡುಗಾರನನ್ನು ಆ ದೈವದ ಹೆಸರಿನಿಂದಲೇ ಜನ ಗುರುತಿಸುತ್ತಾರೆ; ನಾಲ್ಕೂವರೆ ಶತಮಾನ ಕಳೆದ ಮೇಲೂ ಯಾವ ಪದ ಯಾರದೆಂದು ಹೇಳಲು ವಿದ್ವಾಂಸರಿಗೆ ಮೊದಲ ಆಧಾರ ಅದೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೆಯ ಕಲಮು ರಚನಕಾರನಿಗೆ ಕೃತಿ ತನ್ನದೆಂದು ಹೇಳಿಕೊಳ್ಳುವ ವಿಶೇಷ ಹಕ್ಕನ್ನು, ಆ ಕೃತಿಯನ್ನು ಬೇರೊಬ್ಬರಿಗೆ ಮಾರಿದ ಮೇಲೂ ಉಳಿಯುವಂತೆ, ಕೊಟ್ಟಿದೆ; ದಾಸರು ಅದನ್ನು ಯಾವ ಕಾಯ್ದೆಯೂ ಇಲ್ಲದೆ ಸಾಧಿಸಿದ್ದರು. ಅಹಂಕಾರವು ಮಾತ್ರ ಅಂಕಿತದಿಂದ ತಾನಾಗಿ ಕರಗುವುದಿಲ್ಲವೆಂದು ಸಂಪ್ರದಾಯಕ್ಕೂ ಗೊತ್ತಿತ್ತು. ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಕಡೆಗಣಿಸಿದ ಸಂಸ್ಕೃತ ಪಂಡಿತ ಶ್ರೀನಿವಾಸಾಚಾರ್ಯರು ಹೊಟ್ಟೆನೋವಿನಿಂದ ನರಳಿ, ಗೋಪಾಲದಾಸರ ಅನುಗ್ರಹದಿಂದ ಗುಣಹೊಂದಿ, ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ಕನ್ನಡದಲ್ಲೇ ಬರೆದ ಐತಿಹ್ಯವನ್ನು ದಾಸಪಂಥವು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವುದು ಆ ಎಚ್ಚರದಿಂದಲೇ.

ಸಂಗೀತದಿಂದ ಸಂಪಾದಿಸಬಹುದೇ ಎಂಬ ಉಪಪ್ರಶ್ನೆಗೆ ದಾಸರಿಗಿಂತ ಶರಣರಲ್ಲಿ ನೇರವಾದ ಉತ್ತರ ಸಿಗುತ್ತದೆ. ಪ್ರಾಮಾಣಿಕ ದುಡಿಮೆಯೇ ಪೂಜೆ ಎಂಬ ಕಾಯಕತತ್ತ್ವದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೂ ಕಿನ್ನರಿ ನುಡಿಸುವ ಬ್ರಹ್ಮಯ್ಯನಿಗೂ ಒಂದೇ ಸ್ಥಾನ; ಅಲ್ಲಿ ನಿಷಿದ್ಧವಾದದ್ದು ಸಂಪಾದನೆಯಲ್ಲ, ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಗದರಿಸಿದ ಆ ಅತಿಯಾಸೆ.

ಇನ್ನು ಇಂದಿನ ಹಾಡುಗಾರರತ್ತ ಬರೋಣ. ಬೆಂಗಳೂರಿನ ಪಶ್ಚಿಮಕ್ಕಿರುವ ವಿಜಯನಗರದ ಆರ್‌ಪಿಸಿ ಲೇಔಟನ್ನು ಹಂಪಿನಗರವೆಂದೂ ಕರೆಯುತ್ತಾರೆ. ಪುರಂದರದಾಸರ ಮಂಟಪ ಇಂದಿಗೂ ನಿಂತಿರುವ ಹಂಪಿಯಿಂದ ಬಂದ ಹೆಸರು ಅದು. ಇಂಥ ಬಡಾವಣೆಗಳಲ್ಲಿ ಮಹಿಳೆಯರ ಭಜನಾಮಂಡಳಿಗಳು ದಾಸರ ಪದಗಳನ್ನು ಹಾಡುವುದೂ, ಮಲಗುವ ಕೋಣೆಯ ಕಿಟಕಿಗೆ ದಪ್ಪ ಪರದೆ ಕಟ್ಟಿ, ವಾಹನಗಳ ಸದ್ದು ತಗ್ಗುವ ರಾತ್ರಿಯ ಹೊತ್ತಿನಲ್ಲಿ ಲ್ಯಾಪ್‌ಟಾಪು ಮೈಕುಗಳ ನೆರವಿನಿಂದ ಯುವಕರು ಸ್ವಂತ ಹಾಡು ಮುದ್ರಿಸುವುದೂ ಒಟ್ಟೊಟ್ಟಿಗೆ ಸಾಗುವಂಥವು. ಮಂಡಳಿಯವರಿಗೆ ಪ್ರಚಾರದ ಚಿಂತೆಯಿಲ್ಲ: ಗಣೇಶನ ಪೆಂಡಾಲು, ಗುಡಿಯ ಉತ್ಸವ, ಗೃಹಪ್ರವೇಶ ಎಲ್ಲವೂ ಅವರನ್ನು ಕರೆಯುತ್ತವೆ. ಕೋಣೆಯಲ್ಲಿ ಹಾಡು ಕಟ್ಟುವವರನ್ನು ಹಾಗೆ ಕರೆಯುವ ಸಂದರ್ಭಗಳು ಸಮಾಜದಲ್ಲಿ ವಿರಳ. ಬಡಾವಣೆಯ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಸಹ ಜನ ಕೇಳಬಯಸುವುದು ಸಿನಿಮಾ ಹಾಡನ್ನೇ. ಆದ್ದರಿಂದ ಅವರಿಗೆ ಉಳಿದಿರುವ ಬೀದಿಯೆಂದರೆ ಕೈಯಲ್ಲಿರುವ ಮೊಬೈಲು.

ಹಾಡಿನ ದಾರಿ ಹಿಂದೆಯೂ ಬದಲಾಗುತ್ತ ಬಂದಿದೆ. 19ನೆಯ ಶತಮಾನದ ನಡುವಿನಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ದಾಸರ ಪದಗಳನ್ನು ಅಚ್ಚಿಗೆ ತಂದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ 'ನಿತ್ಯೋತ್ಸವ' ಕ್ಯಾಸೆಟ್ಟು ಭಾವಗೀತೆಯನ್ನು ಸಭೆಯಿಂದ ಅಡುಗೆಮನೆಗೆ ತಂದಿತು. 2008ರಲ್ಲಿ ಮುಂಬೈಯ ವಿಶಾಲ್–ಶೇಖರ್ ಜೋಡಿ ಹೊರತಂದ ರಘು ದೀಕ್ಷಿತರ ಮೊದಲ ಆಲ್ಬಮ್ಮು ಶಿಶುನಾಳ ಶರೀಫರ (1819–1889) ಪದವನ್ನು ಗಿಟಾರಿನೊಡನೆ ಹೊಸ ಕಿವಿಗಳಿಗೆ ಮುಟ್ಟಿಸಿತು. ಈಗಿನ ದಾರಿಯ ಗುಣವೇ ಬೇರೆ, ಇದು ಎಣಿಸುತ್ತದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ಧ್ವನಿಮುದ್ರಣದ ಗೌರವಧನವನ್ನು ಕೊಡುವುದಿಲ್ಲ. ಜಾಹೀರಾತಿನ ಆದಾಯದಲ್ಲಿ ಪಾಲು ಕೊಡಲು ಯೂಟ್ಯೂಬು 1,000 ಚಂದಾದಾರರನ್ನೂ, ದೀರ್ಘ ವಿಡಿಯೊಗಳಾದರೆ ವರ್ಷದೊಳಗೆ 4,000 ಗಂಟೆಗಳ ವೀಕ್ಷಣೆಯನ್ನೂ ಕೇಳುತ್ತದೆ. ಯಾಯಿವಾರದಲ್ಲಿ ಮೊದಲ ಮನೆಯಲ್ಲೇ ಒಂದು ಹಿಡಿ ಅಕ್ಕಿ ಬೀಳುತ್ತಿತ್ತು, ಸಾವಿರನೆಯ ಮನೆಯವರೆಗೆ ಕಾಯಬೇಕಾಗಿರಲಿಲ್ಲ.

ಈ ವ್ಯತ್ಯಾಸವನ್ನು ಮರೆತು ಇಂದಿನ ಸಂಗೀತಗಾರನಿಗೆ ದಾಸರ ವೈರಾಗ್ಯವನ್ನು ಬೋಧಿಸುವುದು ಅನ್ಯಾಯ. ದಾಸನ ನಿರಹಂಕಾರವು ಒಬ್ಬನೇ ಮಾಡಿದ ಸಾಧನೆಯಲ್ಲ; ಅಕ್ಕಿ ಹಾಕುವ ಗೃಹಸ್ಥರು, ಅಂಕಿತ ಕೊಡುವ ಗುರು, ಉಳಿಯಲು ತಾವು ಕೊಡುವ ಮಠ ಇವೆಲ್ಲ ಸೇರಿ ಅದನ್ನು ಸಾಧ್ಯವಾಗಿಸಿದ್ದವು, ಮತ್ತು ಅವನನ್ನು ಹೊಗಳುವ ಕೆಲಸವನ್ನು ಅವರೇ ಹೊತ್ತಿದ್ದರಿಂದ ಅವನು ಸುಮ್ಮನಿರಬಹುದಿತ್ತು. ಹಾಡನ್ನು ಬಿಟ್ಟಿಯಾಗಿ ಕೇಳಿ, ಇನ್ನೊಬ್ಬರಿಗೆ ಕಳಿಸುವ ಶ್ರಮವನ್ನೂ ತೆಗೆದುಕೊಳ್ಳದೆ, ಅದೇ ಹಾಡಿನ ಬಗ್ಗೆ ಹಾಡುಗಾರನೇ ನಾಲ್ಕು ಸಲ ಬರೆದರೆ 'ಬಹಳ ಕೊಚ್ಚಿಕೊಳ್ಳುತ್ತಾನೆ' ಎನ್ನುವ ಕೇಳುಗನಿಗೆ ಕರ್ಣಪರ್ವದ ತೀರ್ಪನ್ನು ಉದ್ಧರಿಸುವ ಅಧಿಕಾರವಿಲ್ಲ. ಆ ತೀರ್ಪನ್ನು ಸರಿಯಾಗಿ ನೋಡಿದರೂ, ಅಲ್ಲಿ ನಿಂದೆಗೆ ಗುರಿಯಾದದ್ದು ತನ್ನ ಗುಣಗಳನ್ನು ಬಣ್ಣಿಸಿಕೊಳ್ಳುವುದೇ ಹೊರತು ತನ್ನ ಕೆಲಸವನ್ನು ಇನ್ನೊಬ್ಬರ ಮುಂದಿಡುವುದಲ್ಲ. ಹಾಡು ಯಾವ ರಾಗದ್ದು, ಪದ ಯಾರದು, ತಬಲಾ ನುಡಿಸಿದವರು ಯಾರು, ಎಲ್ಲಿ ಕೇಳಬಹುದು ಎಂದು ದಿನವೂ ಸಾರಿದರೂ ಅದು ಯಾಯಿವಾರದ ಮುಂದುವರಿಕೆಯೇ. ರಚನಕಾರರ ಹಕ್ಕುಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ಹಾಡನ್ನು ನೋಂದಾಯಿಸಿ, ಕವಿಗೂ ರಾಗ ಸಂಯೋಜಕನಿಗೂ ಸಲ್ಲಬೇಕಾದ ಗೌರವಧನ ಬರುವಂತೆ ನೋಡಿಕೊಳ್ಳುವುದು ಕಾಯಕದ ಲೆಕ್ಕಕ್ಕೆ ಸೇರುತ್ತದೆ. ದುಡ್ಡು ಕೊಟ್ಟು ಸುಳ್ಳು ವೀಕ್ಷಣೆಗಳನ್ನು ಕೊಳ್ಳುವುದು ಮಾತ್ರ ಎರಡೂ ಪರಂಪರೆಗಳಲ್ಲಿ ನಿಲ್ಲುವುದಿಲ್ಲ, ಅದು ಹೊಗಳಿಕೆಗಿಂತಲೂ ಮೊದಲು ಸುಳ್ಳು.

ಹೀಗೆ ನೀತಿಯ ತೊಡಕು ಸಡಿಲವಾದರೂ ಒಂದು ತೊಡಕು ಉಳಿಯುತ್ತದೆ, ಅದು ಹಾಡಿನ ಆಕಾರಕ್ಕೆ ಸಂಬಂಧಿಸಿದ್ದು. ಅಂಕಿತವು ಬರುವುದು ಕೊನೆಯ ಚರಣದಲ್ಲಿ, ಎಂದರೆ ಕೇಳುಗನು ಹಾಡನ್ನು ಪೂರ್ತಿ ಕೇಳಿದ ಮೇಲೆ. ಮೂವತ್ತು ಸೆಕೆಂಡಿನ ರೀಲ್ಸಿಗೆ ಕತ್ತರಿಸಿದಾಗ ಉಳಿಯುವುದು ಪಲ್ಲವಿ, ಬಿದ್ದುಹೋಗುವುದು ಅಂಕಿತ. ಶರೀಫರ ಪದವಾದರೂ ಸರಿ, ಅದರಲ್ಲಿ ಶಿಶುನಾಳಾಧೀಶನ ಹೆಸರು ಬರುವ ಹೊತ್ತಿಗೆ ಬೆರಳು ಮುಂದಿನ ವಿಡಿಯೊಗೆ ಸರಿದಿರುತ್ತದೆ. ಗುರುತು ಹಾಡಿನ ಒಳಗಿನಿಂದ ಹೀಗೆ ಕಳಚಿಕೊಂಡಾಗ ಅದನ್ನು ಹೊರಗಡೆ, ಪರದೆಯ ಮೇಲಿನ ಮುಖವಾಗಿ, ಹೆಸರಾಗಿ, ಹಿಂಬಾಲಕರ ಸಂಖ್ಯೆಯಾಗಿ ಅಂಟಿಸಬೇಕಾಗುತ್ತದೆ, ಮತ್ತು ಹಾಡುಗಾರನಿಗೆ ಇಷ್ಟವಿರಲಿ ಇಲ್ಲದಿರಲಿ, ಪ್ರಚಾರದ ಭಾರ ಹಾಡಿನಿಂದ ವ್ಯಕ್ತಿಯ ಮೇಲೆ ಜಾರುತ್ತದೆ. ಹಂಪಿನಗರದ ಕೋಣೆಯಲ್ಲಿ ಹಾಡು ಕಟ್ಟುವವನು ಅಂಕಿತವನ್ನು ಪಲ್ಲವಿಯಲ್ಲೇ ಇಡಬೇಕೇ, ಹಾಡನ್ನು ತುಂಡರಿಸಲು ಒಪ್ಪದೆ ಇಡಿಯಾಗಿ ಕೇಳುವ ಸಣ್ಣ ಬೈಠಕ್ಕುಗಳನ್ನು ಹುಡುಕಿಕೊಂಡು ಹೋಗಬೇಕೇ ಎಂಬುದನ್ನು ತತ್ತ್ವಸಂಖ್ಯಾನವನ್ನಾಗಲಿ ಕಾಯ್ದೆಯನ್ನಾಗಲಿ ಓದಿ ತೀರ್ಮಾನಿಸಲಾಗದು. ಅದು ರಚನೆಯ ಪ್ರಶ್ನೆ, ರಚಿಸುವವರೇ ಹಾಡಿನಲ್ಲಿ ಬಿಡಿಸಬೇಕಾದದ್ದು.